ಐಡಿಯಾಕ್ಕೆ ಬೋಣಿ ಮಾಡುವವರು ಯಾರು?

2001ರ ಏಪ್ರಿಲ್‌ನಲ್ಲಿ ಬೆಂಗಳೂರು, ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರೊಂದನ್ನು ಜಗತ್ತಿಗೆ ತೋರಿಸಿತು. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ರೂಪಿಸಿದ ಯಂತ್ರ ಅದು. ಓದು ಬರಹ ಬಾರದವರೂ ಪರದೆಯ ಮೇಲಿನ ಚಿತ್ರ ಮುಟ್ಟಿ ಬಳಸಬಹುದಿತ್ತು. ಬರಹವನ್ನು ನಮ್ಮ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶವಿತ್ತು. ಊರಿಗೊಂದೇ ಯಂತ್ರವಿದ್ದರೂ ಒಬ್ಬೊಬ್ಬರೂ ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡ್‌ನಲ್ಲಿಟ್ಟುಕೊಂಡು ಸರದಿಯಲ್ಲಿ ಬಳಸಲಿ ಎಂಬ ಯೋಚನೆಯಿತ್ತು. ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಡಬೇಕೆಂಬ ಹಂಬಲವಿತ್ತು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮ್ಯಾಗಜಿನ್‌ನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್, ಆ ವರ್ಷ ಕಂಪ್ಯೂಟರ್ ಲೋಕ ಕಂಡ ಅತಿ ಮುಖ್ಯ ಆವಿಷ್ಕಾರ ಇದೇ ಎಂದು ಬರೆದರು.

ಪೇಟೆಗೆ ಬಂದದ್ದು 2004ರ ಮಾರ್ಚ್‌ನಲ್ಲಿ. ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ ಕಂಪನಿಯು ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಿಸಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಕೈಯಲ್ಲಿ ಹಿಡಿದು ವಾಲಿಸಿದರೆ ಅದನ್ನು ಗ್ರಹಿಸುವ ಸೆನ್ಸರ್ ಕೂಡ ಅದರಲ್ಲಿತ್ತು. ಮೊದಲ ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿ, ಛತ್ತೀಸಗಡದ ಶಾಲೆಯಲ್ಲಿ ಪ್ರಾಯೋಗಿಕವಾಗಿ ಬಳಸಿ ನೋಡಿದ್ದೂ ಆಯಿತು. ಆದರೆ ಒಟ್ಟು ಮಾರಾಟವಾದದ್ದು ಕೆಲವೇ ಸಾವಿರ. ಪ್ರಯೋಗಗಳು ಪ್ರಯೋಗಗಳಾಗಿಯೇ ಉಳಿದವು.

ಜಾಣರ ಕೈಗೆ ವ್ಯಾಪಾರ ಒಗ್ಗುವುದಿಲ್ಲ ಎಂದು ಇದನ್ನು ತಳ್ಳಿಹಾಕಿದವರಿದ್ದಾರೆ. ಅದು ತಪ್ಪು. ಇದೇ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಇನ್ನೊಂದು ಕಂಪನಿಯನ್ನೂ ಆರಂಭಿಸಿದ್ದರು. ಮಾನವನ ಜೀನೋಮ್‌ನ ಕರಡು ಸಿದ್ಧವಾದ ವರ್ಷ ಅದು. ರಾಶಿ ರಾಶಿಯಾಗಿ ಬರಲಿದ್ದ ಜೈವಿಕ ಮಾಹಿತಿಯನ್ನು ಸೋಸಿ ನೋಡುವ ತಂತ್ರಾಂಶ ಅವರ ಸರಕು. ಔಷಧ ಕಂಪನಿಗಳಿಗೆ, ಪ್ರಯೋಗಾಲಯಗಳಿಗೆ ಅದು ಬೇಕಿತ್ತು. ಕೊಳ್ಳಲು ಅವರ ಬಜೆಟ್‌ನಲ್ಲಿ ಹಣವೂ ಇತ್ತು. ಮುಂದೆ ಆ ಕಂಪನಿ ವಂಶವಾಹಿ ಪರೀಕ್ಷೆಗಳತ್ತ ಹೊರಳಿತು, ಏಳುಬೀಳು ಕಂಡಿತು, ಆದರೂ ನಿಂತಿತು. 2021ರಲ್ಲಿ ರಿಲಯನ್ಸ್ ಸಮೂಹ 393 ಕೋಟಿ ರೂಪಾಯಿ ಕೊಟ್ಟು ಅದರ ಬಹುಪಾಲು ಷೇರು ಕೊಂಡಿತು. ಅವೇ ತಲೆಗಳು, ಅದೇ ಕ್ಯಾಂಪಸ್ಸು, ಹೆಚ್ಚುಕಡಿಮೆ ಅದೇ ಕಾಲ. ಒಂದು ಯೋಚನೆ ಉದ್ಯಮವಾಯಿತು, ಇನ್ನೊಂದು ಆಗಲಿಲ್ಲ.

ಸಿಂಪ್ಯೂಟರ್ ಬಳಸಬೇಕಾದವರು ಹಳ್ಳಿಯ ಜನ. ಅದಕ್ಕೆ ದುಡ್ಡು ಕೊಡಬೇಕಾದವರು ಪಂಚಾಯಿತಿಯೋ ಇಲಾಖೆಯೋ ಸೊಸೈಟಿಯೋ ಸ್ವಯಂಸೇವಾ ಸಂಸ್ಥೆಯೋ, ಅಂತೂ ಬೇರೆ ಯಾರೋ. ಆ ‘ಬೇರೆ ಯಾರೋ’ ಯಾರು ಎಂಬುದು ಕೊನೆಯವರೆಗೂ ಗಟ್ಟಿಯಾಗಲಿಲ್ಲ. ಯಂತ್ರವನ್ನು ಮೆಚ್ಚಿದ ಅಧಿಕಾರಿಗಳು ಇದ್ದಿರಬಹುದು. ಅದನ್ನು ಸಾವಿರಗಟ್ಟಲೆ ಕೊಳ್ಳಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿರಲಿಲ್ಲ. ಅಷ್ಟರಲ್ಲಿ 2003ರಿಂದ ಮೊಬೈಲಿಗೆ ಬರುವ ಕರೆಗಳು ಉಚಿತವಾದವು, 501 ರೂಪಾಯಿ ಕಟ್ಟಿದರೆ ಹ್ಯಾಂಡ್‌ಸೆಟ್ ಮನೆಗೆ ಬರುವ ಯೋಜನೆಗಳು ಶುರುವಾದವು. ಹಳ್ಳಿಯವರು ತಮ್ಮ ದುಡ್ಡನ್ನು ಅಲ್ಲಿಗೆ ಕೊಟ್ಟರು. ಇಷ್ಟು ಒಳ್ಳೆಯ ಮನಸ್ಸಿನಿಂದ, ಇಷ್ಟು ಪ್ರತಿಭೆಯಿಂದ ಹುಟ್ಟಿದ ವಸ್ತು ಹಾಗೆ ಬದಿಗೆ ಸರಿದದ್ದನ್ನು ನೆನೆದರೆ ಇವತ್ತಿಗೂ ನೋವಾಗುತ್ತದೆ.

ಈಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಐಡಿಯಾ ಸ್ಪರ್ಧೆಗಳಿಗೆ ಹೋಗಿ ನೋಡಿ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರ್ಗಿ ಎಲ್ಲೆಡೆ ಮಕ್ಕಳ ಉತ್ಸಾಹ ಮನಸ್ಸು ತುಂಬಿಸುತ್ತದೆ. ಮಣ್ಣಿನ ತೇವ ಅಳೆಯುವ ಸಾಧನ, ಹಸುವಿನ ಜ್ವರ ಪತ್ತೆ ಮಾಡುವ ಪಟ್ಟಿ, ಅಡಿಕೆ ಮರ ಹತ್ತುವ ಯಂತ್ರ. ಕೊನೆಯ ಸ್ಲೈಡಿನಲ್ಲಿ ಮಾತ್ರ ಎಲ್ಲರದೂ ಒಂದೇ ಲೆಕ್ಕ: ರಾಜ್ಯದಲ್ಲಿ ಇಷ್ಟು ಲಕ್ಷ ರೈತರಿದ್ದಾರೆ, ಅವರಲ್ಲಿ ನೂರಕ್ಕೆ ಒಬ್ಬರು ಕೊಂಡರೂ ಇಷ್ಟು ಕೋಟಿ ವಹಿವಾಟು. ಆ ಒಬ್ಬ ರೈತ ಯಾವ ಊರಿನವನು, ಯಾವ ತಿಂಗಳು ಅವನ ಕೈಯಲ್ಲಿ ದುಡ್ಡಿರುತ್ತದೆ, ಸಾಧನ ಕೆಟ್ಟರೆ ಯಾರಿಗೆ ಫೋನ್ ಮಾಡುತ್ತಾನೆ ಎಂದು ತೀರ್ಪುಗಾರರೂ ಹೆಚ್ಚು ಕೆದಕುವುದಿಲ್ಲ. ಬಹುಮಾನ ಕೊಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ.

ಹರೀಶ್ ಹಂದೆ ಕೆದಕಿದ್ದು ಇದನ್ನೇ. ಅಮೆರಿಕದ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಅವರು 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಕಂಪನಿ ಆರಂಭಿಸಿದಾಗ ಸೌರದೀಪ ಹೊಸ ವಸ್ತುವೇನೂ ಆಗಿರಲಿಲ್ಲ. ಫಲಕ, ಬ್ಯಾಟರಿ, ದೀಪ ಎಲ್ಲವೂ ಪೇಟೆಯಲ್ಲಿದ್ದವು. ಬಡವರಿಗೆ ಸೋಲಾರ್ ಎಟುಕದು, ಎಟುಕಿದರೂ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಅವರಿಂದಾಗದು, ಅಂಥ ಉದ್ಯಮ ಲಾಭಕ್ಕೆ ಬರದು ಎಂಬ ಮೂರು ನಂಬಿಕೆಗಳೂ ಅಷ್ಟೇ ಗಟ್ಟಿಯಾಗಿದ್ದವು. ಆ ನಂಬಿಕೆಗಳನ್ನು ಮುರಿಯುವುದೇ ಅವರ ಉದ್ಯಮ.

ನಾಲ್ಕು ದೀಪದ ವ್ಯವಸ್ಥೆಗೆ ಹತ್ತು ಸಾವಿರಕ್ಕೂ ಹೆಚ್ಚು ಬೇಕಿತ್ತು. ಕೂಲಿಯ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಎಂದೂ ಸೇರುತ್ತಿರಲಿಲ್ಲ. ಆದರೆ ಸೀಮೆಎಣ್ಣೆಗೆ, ಮೇಣದಬತ್ತಿಗೆ, ಟಾರ್ಚಿನ ಸೆಲ್ಲಿಗೆ ಅದೇ ಮನೆಯಿಂದ ವಾರವಾರವೂ ದುಡ್ಡು ಹೋಗುತ್ತಲೇ ಇತ್ತು. ಹಾಗಾಗಿ ಸೆಲ್ಕೊ ತನ್ನ ಮೊದಲ ಬೆವರನ್ನು ಬ್ಯಾಂಕ್ ಮ್ಯಾನೇಜರುಗಳ ಮುಂದೆ ಸುರಿಸಿತು. ಪಂಪ್‌ಸೆಟ್ಟಿಗೆ ಸಾಲ ಕೊಡುವ ಬ್ಯಾಂಕು ದೀಪಕ್ಕೆ ಏಕೆ ಕೊಡಬೇಕು? ದೀಪದಿಂದ ಆದಾಯ ಎಲ್ಲಿ ಬರುತ್ತದೆ? ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಕ್ರಮೇಣ ಒಪ್ಪಿಕೊಂಡವು. ರಾತ್ರಿ ಎರಡು ಗಂಟೆ ಹೆಚ್ಚು ಬೆಳಕಿದ್ದರೆ ಬೀಡಿ ಕಟ್ಟುವವರು, ಹೊಲಿಗೆಯವರು, ಬುಟ್ಟಿ ಹೆಣೆಯುವವರು ಎಷ್ಟು ಹೆಚ್ಚು ದುಡಿಯಬಲ್ಲರು ಎಂಬ ಲೆಕ್ಕ ಸಾಲದ ಅರ್ಜಿಯ ಭಾಗವಾಯಿತು.

ಕಂತಿನ ವಿಷಯದಲ್ಲಿ ಅವರು ತೋರಿದ ಸೂಕ್ಷ್ಮವನ್ನು ಪ್ರತಿಯೊಬ್ಬ ಹೊಸ ಉದ್ಯಮಿಯೂ ಗಮನಿಸಬೇಕು. ತಿಂಗಳಿಗೆ ಮುನ್ನೂರು ಎಂದರೆ ಭಾರ, ದಿನಕ್ಕೆ ಹತ್ತು ಎಂದರೆ ಆದೀತು ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆ ಹಲವು ವೇದಿಕೆಗಳಲ್ಲಿ ನೆನೆದಿದ್ದಾರೆ. ಮೊತ್ತ ಒಂದೇ. ಆದರೆ ಕಳ್ಳೆಕಾಯಿ ಹುರಿದು ಮಾರುವವರ ಕೈಗೆ ದುಡ್ಡು ಬರುವುದು ಸಂಜೆಗೆ, ಭತ್ತ ಬೆಳೆಯುವವರಿಗೆ ಕೊಯ್ಲಿನ ನಂತರ, ಸಂಬಳದವರಿಗೆ ಒಂದನೇ ತಾರೀಕಿಗೆ. ಕೊಳ್ಳುವವರ ಕೈಗೆ ದುಡ್ಡು ಬರುವ ಹೊತ್ತಿಗೆ ಕಂತು ಬೀಳುವಂತೆ ಮಾಡಿದರೆ ಬಾಕಿದಾರರು ಎನಿಸಿಕೊಳ್ಳಬೇಕಾಗಿದ್ದವರೇ ಒಳ್ಳೆಯ ಗಿರಾಕಿಗಳಾಗುತ್ತಾರೆ. ಸಂತೆಯ ತಳ್ಳುಗಾಡಿಯವರಿಗಂತೂ ದೀಪ ಮಾರುವುದಕ್ಕಿಂತ, ಸ್ಥಳೀಯರೊಬ್ಬರಿಗೆ ಸಾಲ ಕೊಡಿಸಿ, ಅವರು ಸಂಜೆಗೊಮ್ಮೆ ಚಾರ್ಜ್ ಆದ ಬ್ಯಾಟರಿ ಹಂಚಿ ಬಾಡಿಗೆ ವಸೂಲು ಮಾಡುವ ಏರ್ಪಾಡು ಒಗ್ಗಿತು. ಊರಿನ ಸಮೀಪದಲ್ಲೇ ರಿಪೇರಿಯವರಿರಬೇಕು ಎಂಬ ಹಟವೂ ಅಷ್ಟೇ ಮುಖ್ಯವಾಗಿತ್ತು. ದೀಪ ಕೆಟ್ಟು ಕೂತರೆ ಕಂತೂ ನಿಲ್ಲುತ್ತದೆ ಎಂದು ಬ್ಯಾಂಕಿಗೂ ಕಂಪನಿಗೂ ಗೊತ್ತಿತ್ತು. ನಡುವೆ ಜರ್ಮನಿಯ ಸಬ್ಸಿಡಿಯಿಂದ ಜಗತ್ತಿನಾದ್ಯಂತ ಫಲಕಗಳ ಬೆಲೆ ಏರಿದಾಗ ಸೆಲ್ಕೊ ನಷ್ಟಕ್ಕೂ ಜಾರಿತ್ತು. ಊರೂರಿನ ಆ ಗಿರಾಕಿಗಳ ನಂಟು ಕಡಿಯಲಿಲ್ಲ, ಕಂಪನಿ ಮೇಲೆದ್ದಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ದಿನಕ್ಕೆ ಹತ್ತು ರೂಪಾಯಿಯ ಈ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ಸೆಲ್ಕೊಗೆ ನೆರವಾದ ಸಿಂಡಿಕೇಟ್ ಬ್ಯಾಂಕಿನ ಚರಿತ್ರೆಯೇ ಅದಕ್ಕೆ ಸಾಕ್ಷಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಅದನ್ನು ಆರಂಭಿಸಿದ್ದು ಕೈಮಗ್ಗದ ಬಿಕ್ಕಟ್ಟಿನಲ್ಲಿ ನಲುಗಿದ್ದ ನೇಕಾರರಿಗೆ ಆಸರೆಯಾಗಲೆಂದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದ. ಠೇವಣಿ ಎಂಬ ಕಲ್ಪನೆಯಲ್ಲಿ ಹೊಸದೇನಿತ್ತು? ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವ, ದಿನದ ದುಡಿಮೆ ದಿನಕ್ಕೇ ಕರಗುವ ಮನುಷ್ಯನನ್ನು ಗಿರಾಕಿ ಎಂದು ಎಣಿಸಿ, ಅವನ ಬಾಗಿಲಿಗೆ ನಡೆದದ್ದು ಹೊಸದು. ಪಿಗ್ಮಿ ಏಜೆಂಟ್ ಇಂದಿಗೂ ನಮ್ಮ ಪೇಟೆಬೀದಿಗಳಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಾರೆ. ಸಿಂಡಿಕೇಟ್ ಬ್ಯಾಂಕ್ ಮಾತ್ರ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇವನ್ನೆಲ್ಲ ಎದುರಿಗಿಟ್ಟುಕೊಂಡು ಇವತ್ತಿನ ಸರ್ಕಾರಿ ಉತ್ತೇಜನವನ್ನು ನೋಡಬೇಕು. ಕರ್ನಾಟಕ 2015ರಲ್ಲೇ ಸ್ಟಾರ್ಟಪ್ ನೀತಿ ತಂದ ರಾಜ್ಯ. 2017ರಲ್ಲಿ ಶುರುವಾದ ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುತ್ತದೆ. ಅದನ್ನು ಹಿಂದಿರುಗಿಸಬೇಕಿಲ್ಲ, ಕಂಪನಿಯಲ್ಲಿ ಸರ್ಕಾರಕ್ಕೆ ಪಾಲನ್ನೂ ಕೊಡಬೇಕಿಲ್ಲ. ಒಳ್ಳೆಯ ಯೋಜನೆ, ನಿಲ್ಲಬಾರದು. ಆದರೆ ಆ ಹಣದಿಂದ ಮಾದರಿ ಸಿದ್ಧವಾದ ಮೇಲೆ ಹುಡುಗ ಹುಡುಗಿಯರು ತಲುಪುವುದು ಸಿಂಪ್ಯೂಟರ್ 2004ರಲ್ಲಿ ನಿಂತಿದ್ದ ಜಾಗಕ್ಕೇ. ಹಸುವಿನ ಪಟ್ಟಿಯ ಸಹಜ ಗಿರಾಕಿ ಹಾಲು ಒಕ್ಕೂಟ. ನೀರು ಸೋರಿಕೆ ಪತ್ತೆಯ ಸಾಧನವನ್ನು ಜಲಮಂಡಳಿ ಕೊಳ್ಳಬೇಕು. ಅಂಗನವಾಡಿ ಮಕ್ಕಳ ಬೆಳವಣಿಗೆ ಅಳೆಯುವ ಉಪಕರಣ ಬೇಕಿರುವುದು ಇಲಾಖೆಗೆ. ಎಲ್ಲವೂ ಸರ್ಕಾರ ಅಥವಾ ಸರ್ಕಾರದ ನೆರಳಿನ ಸಂಸ್ಥೆಗಳು. ಒಂದು ಇಲಾಖೆ ಐಡಿಯಾಕ್ಕೆ ಹಣ ಕೊಡುತ್ತದೆ, ಪಕ್ಕದ ಇಲಾಖೆ ಅದನ್ನು ಕೊಳ್ಳಲು ಬಾಗಿಲು ತೆರೆಯುವುದಿಲ್ಲ.

ಕಾಗದದ ಮೇಲೆ ಬಾಗಿಲು ತೆರೆದಿದೆ ಎಂಬುದು ನಿಜ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಟಾರ್ಟಪ್‌ಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತುಗಳನ್ನು ಸಡಿಲಿಸಲು ಅವಕಾಶ ಕೊಟ್ಟಿವೆ, ಟೆಂಡರಿಗೆ ಇಡಬೇಕಾದ ಮುಂಗಡ ಠೇವಣಿಯಿಂದಲೂ (ಇಎಂಡಿ) ವಿನಾಯಿತಿಯಿದೆ. ಆದರೆ ಅವಕಾಶವಿರುವುದು ಬೇರೆ, ಒಬ್ಬ ಕಾರ್ಯಪಾಲಕ ಎಂಜಿನಿಯರ್ ಸಹಿ ಹಾಕುವುದು ಬೇರೆ. ಹೊಸ ವಸ್ತು ಕೊಂಡು ಅದು ಕೈಕೊಟ್ಟರೆ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ ಕೊಡಬೇಕಾದವರು ಅವರು. ಹಳೆಯದನ್ನೇ ಕೊಂಡರೆ ಯಾರೂ ಕೇಳುವುದಿಲ್ಲ. ಅತಿ ಕಡಿಮೆ ದರ ಕೂಗಿದವರಿಗೇ ಟೆಂಡರ್ ಎಂಬ ರೂಢಿ ಬೇರೆ. ಇನ್ನು ಬಿಲ್ಲಿನ ಪಾಡು. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಐದಾರು ಜನರ ಕಂಪನಿಗೆ ಮೊದಲ ಆರ್ಡರಿನ ಹಣ ಒಂದು ವರ್ಷ ತಡವಾದರೆ ಆ ಆರ್ಡರೇ ಉರುಳಾಗುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ರಕ್ಷಣಾ ಸಚಿವಾಲಯ 2018ರಲ್ಲಿ ಆರಂಭಿಸಿದ ‘ಐಡೆಕ್ಸ್’ನಲ್ಲಿ ಪ್ರಶ್ನೆ ಹುಟ್ಟುವುದೇ ಕೊಳ್ಳುವವರ ಕಡೆಯಿಂದ. ಭೂಸೇನೆ, ನೌಕಾಪಡೆ, ವಾಯುಪಡೆ ತಮಗೆ ಏನು ಬೇಕೆಂದು ಬರೆದು ಮುಂದಿಡುತ್ತವೆ, ಮಾದರಿ ತಯಾರಿಕೆಗೆ ಸಚಿವಾಲಯ ಅನುದಾನ ಕೊಡುತ್ತದೆ, ಪರೀಕ್ಷೆಯಲ್ಲಿ ಗೆದ್ದರೆ ಖರೀದಿಯ ದಾರಿ ಮುಂಚೆಯೇ ನಿಯಮದಲ್ಲಿದೆ. ಅಲ್ಲೂ ವಿಳಂಬಗಳಿವೆ. ಆದರೂ ಬೆಂಗಳೂರಿನ ಒಬ್ಬ ಎಂಜಿನಿಯರ್‌ಗೆ ತಾನು ಯಾರಿಗಾಗಿ ಕೆಲಸ ಮಾಡುತ್ತಿದ್ದೇನೆ ಎಂಬುದು ಮೊದಲ ದಿನದಿಂದ ಗೊತ್ತಿರುತ್ತದೆ. ಸೇನೆಗೆ ಸಾಧ್ಯವಾದದ್ದು ಹಾಲು ಒಕ್ಕೂಟಕ್ಕೆ, ಎಸ್ಕಾಂಗಳಿಗೆ, ಸಾರಿಗೆ ನಿಗಮಗಳಿಗೆ ಅಸಾಧ್ಯವೆಂದು ನಾನು ನಂಬಲಾರೆ.

ಎರಡು ಆಕ್ಷೇಪಗಳು ಬರುತ್ತವೆ. ಟೆಂಡರಿನ ಬಿಗಿ ಸಡಿಲಿಸಿದರೆ ಬೇಕಾದವರಿಗೆ ಹಂಚಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಈ ರಾಜ್ಯದ ಅನುಭವ ನೋಡಿದವರು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗಾಗಿಯೇ ಮೊದಲ ಖರೀದಿ ಸಣ್ಣದಿರಬೇಕು, ಒಂದು ತಾಲ್ಲೂಕಿಗೋ ಒಂದು ಡಿಪೊಗೋ ಸೀಮಿತವಾಗಿರಬೇಕು. ಏನು ಕೊಂಡೆವು, ಎಷ್ಟಕ್ಕೆ ಕೊಂಡೆವು, ಕೆಲಸ ಮಾಡಿತೇ ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಗಿರಾಕಿಗೆ ತನಗೇನು ಬೇಕೆಂದೇ ಮೊದಲು ತಿಳಿದಿರುವುದಿಲ್ಲ, ಅವನನ್ನು ಕೇಳುತ್ತ ಕೂತರೆ ಹೊಸತು ಹುಟ್ಟದು ಎಂಬುದು ಎರಡನೆಯದು. ಉಡುಪಿಯಲ್ಲೂ ಯಾರೂ ಪಿಗ್ಮಿ ಬೇಕೆಂದು ಅರ್ಜಿ ಹಾಕಿರಲಿಲ್ಲ, ಒಪ್ಪುತ್ತೇನೆ. ಎರಡಾಣೆ ಯಾರ ಕೈಯಲ್ಲಿ ಯಾವ ಹೊತ್ತಿನಲ್ಲಿ ಇರುತ್ತದೆ ಎಂಬುದನ್ನು ಮಾತ್ರ ಬ್ಯಾಂಕು ಕಟ್ಟಿದವರು ತಿಳಿದುಕೊಂಡಿದ್ದರು.

ಆದ್ದರಿಂದ ಎಲಿವೇಟ್‌ನ ಮುಂದಿನ ಸುತ್ತಿನಿಂದಲೇ ಅನುದಾನದ ಒಂದು ಭಾಗವನ್ನು ಖರೀದಿಗೆ ಮೀಸಲಿಡಲಿ. ಯಾವುದೇ ಇಲಾಖೆ, ನಿಗಮ, ಒಕ್ಕೂಟ ಈ ಕಂಪನಿಗಳಿಂದ ಮೊದಲ ಬಾರಿಗೆ ಕೊಂಡರೆ ಅದರ ಬೆಲೆಯ ಅರ್ಧವನ್ನು ಆ ನಿಧಿ ಭರಿಸಲಿ, 45 ದಿನದೊಳಗೆ ಹಣ ಕೊಡುವ ಹೊಣೆಯನ್ನೂ ಅದೇ ಹೊರಲಿ. ಗೆದ್ದವರ ಪಟ್ಟಿಯನ್ನು ಪ್ರಕಟಿಸುವಂತೆಯೇ, ಒಂದು ವರ್ಷದ ನಂತರ ಅವರಿಂದ ಯಾರು ಏನು ಕೊಂಡರು, ಎಷ್ಟು ದಿನಕ್ಕೆ ಬಿಲ್ಲು ಪಾವತಿಯಾಯಿತು ಎಂಬ ಪಟ್ಟಿಯನ್ನೂ ಐಟಿ–ಬಿಟಿ ಇಲಾಖೆ ಸದನದ ಮುಂದಿಡಲಿ.