‘ನೀಟ್ ಆಗದಿದ್ದರೆ ಫಾರ್ಮಸಿ’

ಠಾಕುರ್ಲಿಯ ನಮ್ಮ ಕನ್ನಡ ಮನೆಗಳಲ್ಲಿ ‘ನೀಟ್ ಆಗದಿದ್ದರೆ ಬಿ.ಫಾರ್ಮ್ ಇದ್ದೇ ಇದೆಯಲ್ಲ’ ಎನ್ನುವ ಮಾತು ಕೇಳುತ್ತಲೇ ಇರುತ್ತದೆ. ಇದೆ, ನಿಜ. ಆದರೆ ಮಹಾರಾಷ್ಟ್ರದಲ್ಲಿ ಬಹುಪಾಲು ಸೀಟು ಸಿಗುವುದು ಎಂಎಚ್‌ಟಿ-ಸಿಇಟಿ ಮೇಲೆ. ನೀಟ್ ಫಲಿತಾಂಶ ಬರುವಷ್ಟರಲ್ಲಿ ಆ ಪರೀಕ್ಷೆ ಮುಗಿದೇ ಹೋಗಿರುತ್ತದೆ.

ತಯಾರಿಯೂ ಬೇರೆ. ಜೀವಶಾಸ್ತ್ರದ ಗುಂಪಿಗೆ 180 ನಿಮಿಷದಲ್ಲಿ 200 ಪ್ರಶ್ನೆ, ಅಂದರೆ ಒಂದಕ್ಕೆ 54 ಸೆಕೆಂಡು. ತಪ್ಪಿಗೆ ಅಂಕ ಕಡಿತವಿಲ್ಲ. ನೀಟ್‌ಗೆಂದು ಅನುಮಾನವಿದ್ದ ಪ್ರಶ್ನೆ ಬಿಡುವುದನ್ನು ರೂಢಿಸಿಕೊಂಡ ಮಕ್ಕಳು ಇಲ್ಲಿ ಒಂದನ್ನೂ ಬಿಡಬಾರದು. ಹನ್ನೊಂದನೆಯ ತರಗತಿಯ ಪಾಠಕ್ಕೆ ಶೇ. 20ರಷ್ಟೇ ಪಾಲು, ಉಳಿದದ್ದೆಲ್ಲ ಹನ್ನೆರಡನೆಯದು.

ಡಿ.ಫಾರ್ಮ್‌ಗಾದರೆ ಸಿಇಟಿ ಬೇಡ, ಹನ್ನೆರಡನೆಯ ಅಂಕ ಸಾಕು.

ಊರು ಧಾರವಾಡವೋ ಉಡುಪಿಯೋ, ಮಗು ಓದಿದ್ದು ಇಲ್ಲೇ ತಾನೆ? ಡೊಮಿಸೈಲ್ ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ. ಮಾಟುಂಗಾದ ಐಸಿಟಿಯಲ್ಲೂ ಬಿ.ಫಾರ್ಮ್ ಇದೆ, ಸ್ಲೋ ಲೋಕಲ್ ಹತ್ತಿದರಾಯಿತು.