ನೆರವಿಗೆ ಅರ್ಹವಾದ ಶಾಲೆ ಯಾವುದು?

2009ರ ಶಿಕ್ಷಣ ಹಕ್ಕಿನ ಕಾಯ್ದೆಯು, 60 ಮಕ್ಕಳವರೆಗಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು ವಿಧಿಸಿದೆ. ಆದರೆ ಆ ಮಕ್ಕಳು ಯಾರೆಂಬುದನ್ನು ಆ ಲೆಕ್ಕವು ಕೇಳುವುದಿಲ್ಲ. ಓದುಬಲ್ಲ ತಾಯಿಯ ಮಡಿಲಿನಲ್ಲಿಯೇ ಅಕ್ಷರಗಳನ್ನು ಕಲಿತು ಬರುವ ಮಗುವಿಗೂ, ತಾಂಡಾದಲ್ಲಿ ಲಂಬಾಣಿಯನ್ನಾಡುತ್ತ ಬೆಳೆದು, ಶಾಲೆಯಲ್ಲಿ ಕನ್ನಡದ ಪಾಠವನ್ನು ಎದುರಿಸಿ, ದೀಪಾವಳಿ ಕಳೆದೊಡನೆ ತಂದೆತಾಯಿಯರ ಬೆನ್ನುಹಿಡಿದು ಕಬ್ಬು ಕಡಿಯುವ ಸೀಮೆಗೆ ಹೊರಟುಹೋಗುವ ಮಗುವಿಗೂ ಶಾಲೆಯು ಮಾಡಬೇಕಾದ ಕಾರ್ಯವು ಒಂದೇ ಆಗಿರಲಾರದು. ಆದುದರಿಂದ ಇಲ್ಲಿ ಸಮನಾದ ಹಂಚಿಕೆಯು ಹುಟ್ಟಿನಿಂದ ಬಂದ ವಿಷಮತೆಯನ್ನು ಸ್ಥಿರಗೊಳಿಸುವುದೇ ಹೊರತು ನೀಗಿಸದು.

ಇಂಗ್ಲೆಂಡಿನಲ್ಲಿ 1967ರಲ್ಲಿ ಪ್ರಕಟವಾದ ಪ್ಲೌಡನ್ ವರದಿಯು ಈ ತತ್ತ್ವವನ್ನು ಸ್ಪಷ್ಟವಾಗಿ ಪ್ರತಿಪಾದಿಸಿ, ಬಡ ಕೇರಿಗಳ ಪ್ರಾಥಮಿಕ ಶಾಲೆಗಳಿಗೆ ಅನ್ಯ ಶಾಲೆಗಳಿಗಿಂತ ಅಧಿಕವಾದುದನ್ನೇ ಕೊಡಬೇಕೆಂದು ಹೇಳಿತು. ತತ್ತ್ವವನ್ನು ಒಪ್ಪುವುದು ಸುಲಭ. ಅರ್ಹವಾದ ಶಾಲೆಯನ್ನು ಗುರುತಿಸುವುದು ಕಷ್ಟ. ನಮ್ಮಲ್ಲಿ, ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ನಿರ್ಣಯಿಸಿ, ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲಿಯೇ ಇರುವುದನ್ನು ತೋರಿಸಿಕೊಟ್ಟಿತು. ನಾಡಿನ ಕಣ್ಣು ತೆರೆಸಿದ ಕಾರ್ಯವದು. ಆದರೂ ತಾಲ್ಲೂಕಿನ ಸರಾಸರಿಯು ಶಾಲೆಯ ಸತ್ಯವನ್ನು ಹೇಳಲಾರದು. ಯಾದಗಿರಿಯ ಸೀಮೆಯಿಂದ ಬೆಂಗಳೂರಿಗೆ ಕೂಲಿಗಾಗಿ ಬಂದು, ಕಟ್ಟಡಗಳ ಬದಿಯ ತಗಡಿನ ಶೆಡ್ಡಿನಲ್ಲಿ ವಾಸಿಸುವ ಸಂಸಾರದ ಮಗುವು, ಊರಿನಲ್ಲಿದ್ದಾಗ ಹಿಂದುಳಿದ ತಾಲ್ಲೂಕಿನದೆಂದು ಪರಿಗಣಿತವಾಗಿದ್ದುದು, ರಾಜಧಾನಿಯ ಶಾಲೆಗೆ ಸೇರಿದೊಡನೆ ಮುಂದುವರಿದ ಪ್ರದೇಶದ ವಿದ್ಯಾರ್ಥಿಯಾಗಿಬಿಡುತ್ತದೆ. ಅದರ ದಾರಿದ್ರ್ಯವು ಮಾತ್ರ ಅದರೊಡನೆಯೇ ಬಂದಿರುತ್ತದೆ.

ಹಾಗಾದರೆ ಪರೀಕ್ಷೆಯ ಅಂಕಗಳನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದೆ? ಅದು ಇನ್ನೂ ಅನ್ಯಾಯಕರವಾದುದು. ಕಷ್ಟಪಟ್ಟು ಮಕ್ಕಳನ್ನು ಮುಂದಕ್ಕೆ ತಂದ ಶಾಲೆಯು ತನ್ನ ಯಶಸ್ಸಿನ ಕಾರಣದಿಂದಲೇ ನೆರವನ್ನು ಕಳೆದುಕೊಳ್ಳುವುದಾದರೆ, ದುಡಿದವನಿಗೆ ದಂಡ ವಿಧಿಸಿದಂತಾಗುವುದು. ಅಲ್ಲದೆ ಆ ಶಾಲೆಗೆ ಮರುವರ್ಷ ಬರುವ ಮಕ್ಕಳ ಮನೆಗಳಲ್ಲಿ ಬಡತನವು ಹಿಂದಿನಂತೆಯೇ ಇರುವುದಷ್ಟೆ. ಆದುದರಿಂದ ಶಾಲೆಯನ್ನು ಅದರ ಫಲಿತಾಂಶದಿಂದಾಗಲಿ, ಅದು ನಿಂತ ನೆಲದಿಂದಾಗಲಿ ಅಳೆಯದೆ, ಅದರೊಳಗೆ ಕುಳಿತ ಮಕ್ಕಳ ಮನೆಯ ಸ್ಥಿತಿಯಿಂದ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಐರ್ಲೆಂಡು 2017ರಿಂದ ಮಕ್ಕಳ ವಾಸಸ್ಥಳಗಳನ್ನು ಜನಗಣತಿಯ ಅಂಕಿಗಳೊಡನೆ ತಾಳೆನೋಡಿ ನೆರವಿಗೆ ಅರ್ಹವಾದ ಶಾಲೆಗಳನ್ನು ಆಯ್ದುಕೊಳ್ಳುತ್ತಿದೆ. ನಮ್ಮಲ್ಲಾದರೋ ತಾಯಿಯ ಅಕ್ಷರಜ್ಞಾನ, ಮನೆಯ ಮಾತು, ವರ್ಷದಲ್ಲಿ ಊರು ಬಿಟ್ಟಿರುವ ತಿಂಗಳು, ಈ ಮೂರನ್ನು ಹಾಜರಿ ಪುಸ್ತಕದ ಬದಿಯಲ್ಲಿ ಬರೆದಿಡುವಂತೆ ಉಪಾಧ್ಯಾಯರಿಗೆ ಹೇಳಿದರೂ ಸತ್ಯದ ಬಹುಭಾಗವು ಗೋಚರವಾದೀತು.

ಹೀಗೆ ಗುರುತಿಸುವುದರಿಂದ ಶಾಲೆಗೆ ಕಳಂಕವು ಅಂಟುವುದೆಂದೂ, ಅನುಕೂಲಸ್ಥರು ಅದನ್ನು ತ್ಯಜಿಸುವರೆಂದೂ ಕೆಲವರು ಶಂಕಿಸುತ್ತಾರೆ. ಶಂಕೆಯು ನಿರಾಧಾರವಲ್ಲ. ಆದರೆ ಮಧ್ಯಾಹ್ನದ ಊಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದಾಗ ಆ ಜಿಲ್ಲೆಗಳಿಗೆ ಅಪಕೀರ್ತಿಯೇನೂ ಬರಲಿಲ್ಲ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಅನ್ನವು ದೊರೆಯಿತು, ಬಳಿಕ ನಾಡೆಲ್ಲವೂ ಅದನ್ನು ಬಯಸಿತು. ನೆರವು ಕಣ್ಣಿಗೆ ಕಾಣುವಷ್ಟು ಶ್ರೇಷ್ಠವಾಗಿದ್ದರೆ ಅದು ಮಾನವನ್ನೇ ತರುತ್ತದೆ.

ಅಂತಹ ನೆರವೆಂದರೆ ಸುಣ್ಣಬಣ್ಣ ಬಳಿದ ಗೋಡೆಯಲ್ಲ. ಒಂದನೆಯ, ಎರಡನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆಯು ಮಿತವಾಗಿರಬೇಕು. ಮನೆಮಾತನ್ನೂ ಕನ್ನಡವನ್ನೂ ಬಲ್ಲ ಸಹಾಯಕರು ಅದೇ ತಾಂಡಾದಿಂದ ಬರಬೇಕು. ಹಿರಿಯರು ವಲಸೆ ಹೋದಾಗ ಮಕ್ಕಳು ಊರಿನಲ್ಲಿಯೇ ಉಳಿದು ಕಲಿಯಲು ವಸತಿಯಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅನುಭವಸ್ಥನಾದ ಉಪಾಧ್ಯಾಯನು ಅಲ್ಲಿ ಐದಾರು ವರ್ಷ ಸಂತೋಷದಿಂದ ನಿಲ್ಲುವಂತೆ ವಸತಿ, ವೇತನ, ಗೌರವಗಳನ್ನು ಕಲ್ಪಿಸಬೇಕು. ಅತ್ಯುತ್ತಮನಾದ ಶಿಕ್ಷಕನನ್ನು ಅತ್ಯಂತ ಕಠಿನವಾದ ಶಾಲೆಗೆ ಕಳುಹಿಸುವುದು ಶಿಕ್ಷೆಯೆನಿಸದೆ ಪುರಸ್ಕಾರವೆನಿಸುವ ತನಕ, ಯಾವ ಸಮಿತಿಯ ಯಾವ ಪಟ್ಟಿಯೂ ಆ ಮಕ್ಕಳ ಋಣವನ್ನು ತೀರಿಸಲಾರದು.