ವಿದ್ಯಾರ್ಥಿಗಳಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಸೇವನೆ: ಶಿಕ್ಷೆಯ ಕಾನೂನಿನಲ್ಲಿಯೇ ಇರುವ ಚಿಕಿತ್ಸೆಯ ಅವಕಾಶ

(ಸಾರ್ವಜನಿಕರ, ವಿದ್ಯಾರ್ಥಿಗಳ ಹಾಗೂ ಪಾಲಕರ ಮಾಹಿತಿಗಾಗಿ)

1. ಹಿನ್ನೆಲೆ

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡ ತರುವಾಯ ಕಲಬುರಗಿಯು ಈ ಭಾಗದ ಉನ್ನತ ಶಿಕ್ಷಣದ ಕೇಂದ್ರವಾಗಿ ಬೆಳೆದಿದೆ. ಮನೆಯಿಂದ ದೂರವಿದ್ದು ವಸತಿ ನಿಲಯಗಳಲ್ಲಿ ಹಾಗೂ ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ಯುವಜನರ ಸಂಖ್ಯೆ ದೊಡ್ಡದು. ಮಹಾರಾಷ್ಟ್ರ ಮತ್ತು ತೆಲಂಗಾಣ ರಾಜ್ಯಗಳ ಗಡಿಯೂ ಈ ಜಿಲ್ಲೆಗೆ ಹೊಂದಿಕೊಂಡಿದೆ.

ಗಾಂಜಾ ವ್ಯಾಪಾರದ ಗಂಭೀರತೆಯನ್ನು 2022ರ ಸೆಪ್ಟೆಂಬರ್ ತಿಂಗಳ ಘಟನೆಯು ತೋರಿಸಿಕೊಟ್ಟಿತು. ಗಾಂಜಾ ಪ್ರಕರಣವೊಂದರ ಜಾಡು ಹಿಡಿದು ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿಗೆ ತೆರಳಿದ್ದ ಕಮಲಾಪುರದ ವೃತ್ತ ನಿರೀಕ್ಷಕರ ಮೇಲೆ ಗುಂಪೊಂದು ಮಾರಣಾಂತಿಕ ಹಲ್ಲೆ ನಡೆಸಿತು. ತೀವ್ರವಾಗಿ ಗಾಯಗೊಂಡ ಅವರನ್ನು ಹೆಚ್ಚಿನ ಚಿಕಿತ್ಸೆಗಾಗಿ ವಿಮಾನದ ಮೂಲಕ ಬೆಂಗಳೂರಿಗೆ ಸಾಗಿಸಬೇಕಾಯಿತು. ಸೇವಿಸುವವನು ಕೊಡುವ ಸಣ್ಣ ಮೊತ್ತವೂ ಅಂತಿಮವಾಗಿ ಇಂತಹ ಜಾಲಗಳನ್ನೇ ಪೋಷಿಸುತ್ತದೆ.

2. ಅಂಕಿ-ಅಂಶಗಳು ಹೇಳುವುದೇನು?

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುವವರು. ಗಾಂಜಾ ಮತ್ತು ಚರಸ್ ಸೇವಿಸುವವರು ಸುಮಾರು 1.3 ಕೋಟಿ. ಇವೆಲ್ಲಕ್ಕಿಂತ ಗಮನಾರ್ಹವಾದ ಅಂಶವೆಂದರೆ, ಮದ್ಯ ವ್ಯಸನಕ್ಕೆ ಒಳಗಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ. ಉಳಿದವರನ್ನು ತಡೆಯುವ ಕಾರಣಗಳಲ್ಲಿ ಮರ್ಯಾದೆಯ ಅಳುಕು ಒಂದು. ಮಾದಕ ವಸ್ತುಗಳ ವಿಷಯದಲ್ಲಿ ಪೊಲೀಸ್ ಪ್ರಕರಣದ ಭಯ ಮತ್ತೊಂದು.

3. ಕಾನೂನಿನಲ್ಲಿ ಶಿಕ್ಷೆ

ಮಾದಕ ದ್ರವ್ಯಗಳ ಅಧಿನಿಯಮ, 1985 (ಎನ್.ಡಿ.ಪಿ.ಎಸ್. ಕಾಯ್ದೆ) ಅನ್ವಯ ಗಾಂಜಾ ಹೊಂದಿರುವುದಕ್ಕೆ ವಿಧಿಸಬಹುದಾದ ಶಿಕ್ಷೆಯು ಪ್ರಮಾಣವನ್ನು ಅವಲಂಬಿಸಿದೆ:

ಅ) 1 ಕಿಲೋಗ್ರಾಂವರೆಗೆ: 1 ವರ್ಷದವರೆಗೆ ಕಠಿಣ ಸಜೆ ಅಥವಾ ರೂ. 10,000ವರೆಗೆ ದಂಡ ಅಥವಾ ಎರಡೂ.
ಆ) 1 ಕಿಲೋಗ್ರಾಂ ಮೀರಿ, 20 ಕಿಲೋಗ್ರಾಂಗಿಂತ ಕಡಿಮೆ: 10 ವರ್ಷಗಳವರೆಗೆ ಕಠಿಣ ಸಜೆ ಮತ್ತು ರೂ. 1 ಲಕ್ಷದವರೆಗೆ ದಂಡ.
ಇ) ವಾಣಿಜ್ಯ ಪ್ರಮಾಣ (20 ಕಿಲೋಗ್ರಾಂ): ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ ಮತ್ತು ರೂ. 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ.

ಗಾಂಜಾ ಸೇವನೆಯೂ ಕಲಂ 27ರ ಅನ್ವಯ 6 ತಿಂಗಳವರೆಗೆ ಸಜೆ ಅಥವಾ ರೂ. 10,000ವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗಬಹುದಾದ ಅಪರಾಧವಾಗಿದೆ. "ನಾನು ಮಾರಿಲ್ಲ, ಸೇದಿದ್ದೇನೆ ಅಷ್ಟೇ" ಎಂಬುದು ಸಮರ್ಥನೆಯಾಗಲಾರದು.

4. ಕಾನೂನಿನಲ್ಲಿ ರಕ್ಷಣೆ

ಇದೇ ಕಾಯ್ದೆಯ ಕಲಂ 64ಎ ಬಗ್ಗೆ ಬಹಳಷ್ಟು ಕುಟುಂಬಗಳಿಗೆ ತಿಳಿದಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ವ್ಯಸನಮುಕ್ತಿ ಚಿಕಿತ್ಸೆಗೆ ಒಳಪಟ್ಟಲ್ಲಿ, ಸದರಿ ಆರೋಪದ ಮೇಲೆ ಅಭಿಯೋಜನೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಲು ಅವಕಾಶವಿದೆ. ಮಾರಾಟ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017 ನೀಡಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಸ್ಥಿತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಹೀಗಾಗಿ ಮಗನ ಅಥವಾ ಮಗಳ ಭವಿಷ್ಯ ಹಾಳಾದೀತೆಂದು ವಿಷಯವನ್ನು ಮುಚ್ಚಿಡುವುದು ಆ ಭವಿಷ್ಯಕ್ಕೇ ಹಾನಿಕರ. ಸಕಾಲದಲ್ಲಿ ಪಡೆದ ಚಿಕಿತ್ಸೆಯು ಆರೋಗ್ಯವನ್ನೂ ವಿದ್ಯಾಭ್ಯಾಸವನ್ನೂ ಉಳಿಸಬಲ್ಲದು.

5. ಮದ್ಯದ ವಿಷಯ

ಮದ್ಯವು ಕಾನೂನುಬದ್ಧವಾಗಿ ಮಾರಾಟವಾಗುವ ಕಾರಣ ಅದರ ಅಪಾಯವನ್ನು ಲಘುವಾಗಿ ಕಾಣಲಾಗುತ್ತಿದೆ. ಖರೀದಿಯ ವಯೋಮಿತಿಯನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು ರಾಜ್ಯದಲ್ಲಿ 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕ ಆಕ್ಷೇಪಣೆಗಳ ನಂತರ ಕೈಬಿಡಲಾಯಿತು. ದೀರ್ಘಕಾಲದಿಂದ ಪ್ರತಿದಿನ ಕುಡಿಯುವವರು ಹಠಾತ್ತನೆ ನಿಲ್ಲಿಸಿದಲ್ಲಿ ಕೈ ನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣಾಪಾಯವೂ ಸಂಭವಿಸಬಹುದು. ಆದ್ದರಿಂದ ಕೊಠಡಿಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಸಲ್ಲದು. ವೈದ್ಯರ ಮೇಲ್ವಿಚಾರಣೆ ಅವಶ್ಯ.

6. ಸಂಪರ್ಕಿಸಬೇಕಾದ ಸ್ಥಳಗಳು

ಅ) ವ್ಯಸನಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446
ಆ) ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416
ಇ) ಮಾದಕ ವಸ್ತು ಮಾರಾಟದ ಕುರಿತು ಮಾಹಿತಿ ನೀಡಲು: 1933
ಈ) ಕಲಬುರಗಿ ಜಿಲ್ಲಾ ಆಸ್ಪತ್ರೆಯ (ಜಿಮ್ಸ್) ಮನೋವೈದ್ಯಕೀಯ ವಿಭಾಗ

ಕಮಲಾಪುರ ತಾಲ್ಲೂಕಿನ ನಿವಾಸಿಗಳು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು, ಅವರ ಸಲಹೆಯಂತೆ ಜಿಲ್ಲಾ ಆಸ್ಪತ್ರೆಗೆ ತೆರಳಬಹುದು. ಹೋಗುವಾಗ ಗುರುತಿನ ಚೀಟಿ ಹಾಗೂ ಹಿಂದಿನ ಚಿಕಿತ್ಸಾ ಚೀಟಿಗಳನ್ನು ಒಯ್ಯುವುದು. ಪ್ರಕರಣ ಈಗಾಗಲೇ ದಾಖಲಾಗಿದ್ದಲ್ಲಿ, ಉಚಿತ ಕಾನೂನು ನೆರವಿನ ಅರ್ಹತೆಯ ಬಗ್ಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಚಿಕಿತ್ಸೆಯ ದಾಖಲೆಗಳನ್ನು ಜೋಪಾನವಾಗಿರಿಸಿಕೊಳ್ಳತಕ್ಕದ್ದು; ಕಲಂ 64ಎ ಅಡಿ ವಿನಾಯಿತಿ ಕೋರುವಾಗ ಅವು ಬೇಕಾಗುತ್ತವೆ.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಹಾಗೂ ವೈದ್ಯರ ಸಲಹೆ ಪಡೆಯಲು ಕೋರಲಾಗಿದೆ.

ಶಾಖಾಧಿಕಾರಿ
ಕಲಬುರಗಿ